ಲ್ಯಾಪ್ರೋಸ್ಕೋಪಿ ಕರುಳಿಗೆ ಯಾಕೆ ತಡವಾಗಿ ಬಂತು?

“ಅದು ಹೆಣ್ಮಕ್ಕಳ ಆಪರೇಷನ್ ಅಲ್ಲೇನು?”

ದೊಡ್ಡ ಕರುಳಿನ ಗಡ್ಡೆಯನ್ನು ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆ ಇಳಿಸಿ, ತೆಗೆಯಬಹುದು ಅಂತ ಡಾಕ್ಟರು ಹೇಳಿದಾಗ ನಮ್ಮ ದೊಡ್ಡಪ್ಪ ಕೇಳಿದ್ದು ಇದನ್ನೇ. ಅವರು ಕೊಪ್ಪಳದ ಹತ್ತಿರದ ಹಳ್ಳಿಯವರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮ ಭಾಗದ ಹಳ್ಳಿಗಳಿಗೆ ಈ ಪದ ಬಂದಿದ್ದೇ ಸಂತಾನಹರಣ ಕ್ಯಾಂಪುಗಳ ಮೂಲಕ. ಹೊಕ್ಕುಳ ಹತ್ತಿರ ಸಣ್ಣ ತೂತು, ಸಂಜೆಗೆ ಮನೆ. ಅಷ್ಟು ಹಿಂದೆಯೇ ಬಂದ ಉಪಕರಣ ಕರುಳಿನ ಕಾಯಿಲೆಗೆ ಒದಗಲು ಮಾತ್ರ ಬಹಳ ವರ್ಷ ಹಿಡಿಯಿತು.

ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪ್ರಯತ್ನ ಶುರುವಾದದ್ದು 1901ರಲ್ಲಿ. ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ ಒಂದು ನಾಯಿಯ ಮೇಲೆ ಅದನ್ನು ಮಾಡಿ ತೋರಿಸಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರ ಮೇಲಿನ ಅನುಭವ ಪ್ರಕಟಿಸಿದರು. ಆಮೇಲೆ ಬಹಳ ಕಾಲ ಇದು ಹೆಚ್ಚಾಗಿ ನೋಡುವ ಸಾಧನವಾಗಿಯೇ ಉಳಿಯಿತು. 1980ರಲ್ಲಿ ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ಇದೇ ವಿಧಾನದಲ್ಲಿ ಅಪೆಂಡಿಕ್ಸ್ ತೆಗೆದರು. ಅವರು ಸ್ತ್ರೀರೋಗ ತಜ್ಞರು. ಸರ್ಜನ್ನರು ಮೆಚ್ಚಲಿಲ್ಲ, ಅವರನ್ನು ಅಮಾನತು ಮಾಡಿ ಎಂಬ ಮಾತೂ ಬಂತು. 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು, ಅವರನ್ನೂ ಮೊದಲಿಗೆ ಯಾರೂ ನಂಬಲಿಲ್ಲ. ಭಾರತದಲ್ಲಿ ಪಿತ್ತಕೋಶದ ಮೊದಲ ಲ್ಯಾಪ್ರೋಸ್ಕೋಪಿ ಆಪರೇಷನ್ ಆದದ್ದು 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. ಮಾಡಿದವರು ಡಾ. ತೆಹೆಂಟನ್ ಉದ್ವಾಡಿಯಾ.

ಎಲ್ಲವನ್ನೂ ಬದಲಿಸಿದ್ದು ವಿಡಿಯೋ ಕ್ಯಾಮೆರಾ. ಅದಕ್ಕೆ ಮುಂಚೆ ಕೊಳವೆಗೆ ಕಣ್ಣಿಟ್ಟ ಒಬ್ಬರಿಗೆ ಮಾತ್ರ ಒಳಗಿನದು ಕಾಣುತ್ತಿತ್ತು. ಚಿತ್ರ ಟಿವಿ ಪರದೆಗೆ ಬಂದ ಮೇಲೆ ಸಹಾಯಕರೂ ನೋಡುತ್ತಾ ಕೈಜೋಡಿಸುವಂತಾಯಿತು.

ಆದರೂ ಕರುಳಿನ ಸರದಿ ಕೊನೆಗೇ ಬಂತು. ಪಿತ್ತಕೋಶ ಒಂದು ಪುಟ್ಟ ಚೀಲ, ಒಂದೇ ಕಡೆ ಅಂಟಿಕೊಂಡಿರುತ್ತದೆ. ಕರುಳು ಹಾಗಲ್ಲ. ಸಣ್ಣ ಕರುಳೇ ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು 1.5 ಮೀಟರ್. ಹೊಟ್ಟೆಯ ನಾಲ್ಕೂ ಮೂಲೆಗೆ ಹರಡಿದೆ, ಜಾರುತ್ತದೆ, ಅದಕ್ಕೆ ಹೋಗುವ ರಕ್ತನಾಳಗಳು ದೊಡ್ಡವು. ಕತ್ತರಿಸಿದರೆ ಮುಗಿಯಲಿಲ್ಲ, ಎರಡು ತುದಿಗಳನ್ನು ಸೋರದಂತೆ ಜೋಡಿಸಬೇಕು. ಜೋಡಿಸಿದ ಜಾಗ ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಕುತ್ತು. 1990ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮೊಯ್ಸೆಸ್ ಜೇಕಬ್ಸ್ ದೊಡ್ಡ ಕರುಳಿನ ಒಂದು ಭಾಗವನ್ನು ಲ್ಯಾಪ್ರೋಸ್ಕೋಪಿಯಲ್ಲೇ ತೆಗೆದರು.

ಅಷ್ಟರಲ್ಲಿ ಹೊಸ ಭಯ ಹುಟ್ಟಿತು. ಉಪಕರಣ ತೂರಿಸಿದ ತೂತಿನ ಜಾಗದಲ್ಲೇ ಕೆಲವರಿಗೆ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿತು. ಅನೇಕ ಸರ್ಜನ್ನರು ಕೈ ಹಿಂದೆಗೆದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಉತ್ತರ ಸಿಕ್ಕಿದ್ದು 2004ರಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 872 ಜನರ ಮೇಲೆ ನಡೆದ ಅಧ್ಯಯನದಲ್ಲಿ, 3 ವರ್ಷದೊಳಗೆ ಕ್ಯಾನ್ಸರ್ ಮರುಕಳಿಸಿದ ಪ್ರಮಾಣ ಲ್ಯಾಪ್ರೋಸ್ಕೋಪಿಯಲ್ಲಿ 16%, ಹೊಟ್ಟೆ ಕೊಯ್ದಾಗ 18%. ಹೆಚ್ಚುಕಡಿಮೆ ಒಂದೇ. ಗಾಯದ ಜಾಗದಲ್ಲಿ ಮರುಕಳಿಸಿದ್ದು ಎರಡರಲ್ಲೂ 1%ಗಿಂತ ಕಡಿಮೆ.

ಆಪರೇಷನ್ ನಡೆಯುವುದು ಹೀಗೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಟೆಂಟಿನಂತೆ ಎತ್ತುತ್ತಾರೆ. ಅದೇ ಗಾಳಿ ಯಾಕೆಂದರೆ ಒಳಗೆ ಕಾಟರಿ ಎಂಬ ವಿದ್ಯುತ್ ಸಾಧನದಿಂದ ಸುಡುವಾಗ ಅದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ನಾಲ್ಕೈದು ತೂತು. ತಣ್ಣಗಿನ ಕ್ಯಾಮೆರಾ ಬೆಚ್ಚಗಿನ ಹೊಟ್ಟೆಗೆ ಇಳಿದರೆ ಕನ್ನಡಕದಂತೆ ಮಂಜಾಗುತ್ತದೆ. ಅದಕ್ಕೇ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕ್ಯಾಮೆರಾದ ತುದಿಯನ್ನು ಆಗಾಗ ಅದ್ದುತ್ತಾರೆ. ಕೊನೆಗೆ ಕತ್ತರಿಸಿದ ಭಾಗವನ್ನು ಹೊರತೆಗೆಯಲು ಕೆಲವು ಸೆಂಟಿಮೀಟರ್ ಕೊಯ್ಯಲೇಬೇಕು. ಹಾಗಾಗಿ “ಕೊಯ್ಯದ ಆಪರೇಷನ್” ಅನ್ನುವುದು ಪೂರ್ತಿ ನಿಜವಲ್ಲ.

ದೊಡ್ಡಪ್ಪನಿಗೆ ಮರುದಿನ ಹೊಟ್ಟೆಗಿಂತ ಬಲ ಹೆಗಲು ಜಾಸ್ತಿ ನೋಯುತ್ತಿತ್ತು. ಮನೆಯವರೆಲ್ಲ ಗಾಬರಿ. ಉಳಿದ ಗಾಳಿ ಎದೆ-ಹೊಟ್ಟೆ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ, ವಪೆಯ ನರ ಬರುವುದು ಕುತ್ತಿಗೆಯಿಂದ, ಅದಕ್ಕೇ ನೋವು ಹೆಗಲಲ್ಲಿ ಕಾಣಿಸುತ್ತದೆ ಅಂತ ಸಿಸ್ಟರ್ ಬಿಡಿಸಿ ಹೇಳಿದರು. ಎರಡು ದಿನದಲ್ಲಿ ಹೋಯಿತು.

ಎಲ್ಲರಿಗೂ ಇದು ಆಗುವುದಿಲ್ಲ. ಟೈಫಾಯ್ಡ್‌ನಿಂದ ಕರುಳು ತೂತಾಗಿ ಬಿಪಿ ಬಿದ್ದವರಿಗೆ, ಕರುಳು ಕಟ್ಟಿ ಹೊಟ್ಟೆ ತೀರಾ ಉಬ್ಬಿದವರಿಗೆ ಹೆಚ್ಚಾಗಿ ಹೊಟ್ಟೆ ತೆರೆಯುವುದೇ ಸುರಕ್ಷಿತ. ಶುರು ಮಾಡಿ ನಡುವೆ “ಓಪನ್ ಮಾಡಿದ್ರು” ಅಂದರೆ ಅದು ಸೋಲಲ್ಲ, ಎಚ್ಚರ. ಕರುಳಿನ ಟಿಬಿಗೆ ಎಷ್ಟೋ ಸಲ ಮಾತ್ರೆಯೇ ಸಾಕು.

ನಮ್ಮ ಭಾಗದಲ್ಲಿ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು 1961ರದ್ದು. ರಾಯಚೂರಿಗೆ 2007ರಲ್ಲಿ, ಕೊಪ್ಪಳಕ್ಕೆ 2015ರಲ್ಲಿ ಕಾಲೇಜು ಬಂತು. 2010ರಲ್ಲಿ ಬಡವರ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಬಂದ ಸರ್ಕಾರಿ ಯೋಜನೆ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದೂ ಕಲಬುರಗಿ ವಿಭಾಗದಲ್ಲೇ. ಹಾಗಿದ್ದರೂ ಕ್ಯಾನ್ಸರ್ ಅಂದ ಕೂಡಲೇ ಫೈಲು ಕ್ಯಾರಿಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಇನ್ನೂ ಇದ್ದಾರೆ. ನಾವೂ ಹತ್ತಿದೆವು.

ಅದಕ್ಕಿಂತ ಹೆಚ್ಚು ನೋಯಿಸುವುದು ಅದಕ್ಕೆ ಮುಂಚಿನ ಎಂಟು ತಿಂಗಳು. ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಬರುತ್ತಿತ್ತು. “ಉಷ್ಣ ಆಗೇತಿ” ಅಂತ ಮಜ್ಜಿಗೆ ಕುಡಿದರು, ಮೆಣಸಿನಕಾಯಿ ಬಜ್ಜಿ ಬಿಟ್ಟರು. ಒಂದು ಕ್ಲಿನಿಕ್‌ನಲ್ಲಿ ಪರೀಕ್ಷೆ ಮಾಡದೆಯೇ ಮೂಲವ್ಯಾಧಿ ಅಂತ ಮುಲಾಮು ಬರೆದುಕೊಟ್ಟರು. ಗುದದೊಳಗೆ ಬೆರಳಿಟ್ಟು ನೋಡಲು ಒಂದು ನಿಮಿಷವೂ ಬೇಡ. ನಾಚಿಕೆ ಇಬ್ಬರನ್ನೂ ತಡೆಯಿತು, ತೋರಿಸುವವರನ್ನೂ ನೋಡುವವರನ್ನೂ. ರಕ್ತ ಬರುವ ಹೆಚ್ಚಿನವರಿಗೆ ಮೂಲವ್ಯಾಧಿಯೇ ಇರುತ್ತದೆ, ನಿಜ. ಆದರೆ 45 ದಾಟಿದವರಿಗೆ ರಕ್ತದ ಜೊತೆ ತೂಕ ಇಳಿದರೆ, ಮಲದ ಅಭ್ಯಾಸ ಬದಲಾದರೆ ಕೊಲೊನೋಸ್ಕೋಪಿ, ಅಂದರೆ ಗುದದ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ದೊಡ್ಡ ಕರುಳು ನೋಡುವ ಪರೀಕ್ಷೆ, ಮಾಡಿಸಲೇಬೇಕು.

ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಅದು ಕೆಡಲು ಸಾಮಾನ್ಯವಾಗಿ ಹತ್ತು ವರ್ಷವೇ ಬೇಕು. 1969ರಿಂದಲೇ ಇಂಥ ಗಂಟನ್ನು ಕೊಲೊನೋಸ್ಕೋಪಿನಲ್ಲೇ ತಂತಿ ಕುಣಿಕೆ ಹಾಕಿ ತೆಗೆಯುತ್ತಿದ್ದಾರೆ, ಹೊಟ್ಟೆಗೆ ಒಂದು ತೂತೂ ಬೇಡ. ತಂದೆಗೆ ಬಂದರೆ ಮಕ್ಕಳು ಬೇಗ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ದೊಡ್ಡಪ್ಪನ ಹಿರಿಯ ಮಗನದು ಮುಂದಿನ ವಾರ ಇದೆ. ಹಿಂದಿನ ಸಂಜೆ ಲೀಟರುಗಟ್ಟಲೆ ಭೇದಿ ಔಷಧಿ ಕುಡಿಯಬೇಕಂತೆ. ಅವನು ಈಗಾಗಲೇ ಹೊಲದ ಕೆಲಸಕ್ಕೆ ಎರಡು ದಿನ ಬೇರೆಯವರನ್ನು ಗೊತ್ತು ಮಾಡಿದ್ದಾನೆ.