ಒಂದು ಸಹಿಗೆ 65 ಸಾವಿರ ರೂಪಾಯಿ

ಗಾರ್ಮೆಂಟ್ಸ್‌ಗೆ ಕಷ್ಟಕಾಲ ಬಂದರೆ ಅದು ಮೊದಲು ಗೊತ್ತಾಗುವುದು ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಕೆಲಸ ನಿಂತಾಗ. 2020ರ ಮಾರ್ಚ್‌ನಲ್ಲಿ ಹೊರದೇಶದ ಬ್ರ್ಯಾಂಡ್‌ಗಳು ಆರ್ಡರ್ ರದ್ದು ಮಾಡಿದಾಗಲೂ, 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿದಾಗಲೂ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಎದೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: ಈ ತಿಂಗಳು ಕೈಗೆಷ್ಟು ಬರುತ್ತದೆ?

ಒಂದು ಲೆಕ್ಕ ಹಾಕೋಣ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,000 ರೂಪಾಯಿ ಇರುವ, ಏಳು ವರ್ಷ ಸರ್ವಿಸ್ ಆದ ಒಬ್ಬ ಟೈಲರ್ ಎಂದುಕೊಳ್ಳಿ. ಪಿಎಫ್‌ಗೆ ಶೇ 12, ಇಎಸ್ಐಗೆ ಶೇ 0.75 ಕಳೆದರೆ ಕೈಗೆ ಸಿಗುವುದು 11,300 ಚಿಲ್ಲರೆ. 26 ದಿನಕ್ಕೆ ಭಾಗಿಸಿದರೆ ದಿನಗೂಲಿ 500, ಗಂಟೆಗೆ 62 ರೂಪಾಯಿ 50 ಪೈಸೆ, ಓಟಿಗೆ ಅದರ ದುಪ್ಪಟ್ಟು 125. ತಿಂಗಳಿಗೆ 30 ಗಂಟೆ ಓಟಿ ಮಾಡುತ್ತಿದ್ದವರಿಗೆ ಅದು ನಿಂತ ತಿಂಗಳೇ 3,750 ರೂಪಾಯಿ ಖೋತಾ. ಬಾಡಿಗೆ ರೂಮಿನ ಮುಕ್ಕಾಲು ಪಾಲು ಹಣ ಹೋದಂತೆ. ಯಾರ ಕೆಲಸವೂ ಹೋಗಿರುವುದಿಲ್ಲ, ಆದರೆ ವಠಾರದ ಕೆಳಗಿನ ದಿನಸಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗತೊಡಗುತ್ತದೆ.

ಆಮೇಲೆ ಬರುವುದು ‘ಇವತ್ತು ಲೋಡ್ ಇಲ್ಲ, ಮನೆಗೆ ಹೋಗಿ’ ಎಂಬ ಮಾತು. ಇಲ್ಲಿಂದ ಮುಂದೆ ಕಣ್ಣು ತೆರೆದುಕೊಂಡಿರಬೇಕು. ಕೆಲಸವಿಲ್ಲವೆಂದು ಕಾರ್ಖಾನೆಯೇ ಕಳಿಸಿದರೆ ಅದು ಲೇ-ಆಫ್. 50 ಅಥವಾ ಹೆಚ್ಚು ಜನರಿರುವ ಕಡೆ, ಒಂದು ವರ್ಷದ ಸರ್ವಿಸ್ ಪೂರೈಸಿದವರಿಗೆ ಅಂಥ ದಿನಗಳಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಲೇಬೇಕು. ನಮ್ಮ ಟೈಲರ್‌ಗೆ ದಿನಕ್ಕೆ 250. ಇದನ್ನು ತಪ್ಪಿಸಿಕೊಳ್ಳಲು ಹಲವು ಕಡೆ ಆ ದಿನಗಳನ್ನು ನಿಮ್ಮದೇ ಗಳಿಕೆ ರಜೆಗೆ ಬರೆದುಬಿಡುತ್ತಾರೆ, ಇಲ್ಲವೇ ‘ಮುಂದಿನ ಭಾನುವಾರ ಬಂದು ತುಂಬಿಕೊಡಿ’ ಅನ್ನುತ್ತಾರೆ. ರಜೆ ಅರ್ಜಿಗೆ ನೀವು ಸಹಿ ಹಾಕಿದಿರೋ, ಲೇ-ಆಫ್ ಅಲ್ಲಿಗೆ ಮಾಯ. ಪೇ ಸ್ಲಿಪ್‌ನಲ್ಲಿ ಉಳಿದ ರಜೆ ಎಷ್ಟು ಎಂಬ ಕಾಲಂ ನೋಡಿ. ನೀವು ಕೇಳದೆ ಅದು ಇಳಿದಿದ್ದರೆ ಅಂದೇ ಬರೆದು ಕೇಳಿ.

ಲೇ-ಆಫ್ ಹಣ ಕೈತಪ್ಪಲು ಇನ್ನೊಂದು ಸಾಮಾನ್ಯ ಕಾರಣವಿದೆ. ಆ ದಿನಗಳಲ್ಲೂ ಕೆಲಸದ ಹೊತ್ತಿಗೆ ದಿನಕ್ಕೊಮ್ಮೆ ಗೇಟಿಗೆ ಹೋಗಿ ಹಾಜರಿ ಕೊಡಬೇಕೆಂಬುದು ಕಾನೂನಿನ ಷರತ್ತು. ‘ಫೋನ್ ಮಾಡ್ತೀವಿ’ ಎಂಬ ಮಾತು ನಂಬಿ ಮನೆಯಲ್ಲಿ ಕೂತವರಿಗೆ ಕೊನೆಗೆ ಆಬ್ಸೆಂಟ್ ಬಿದ್ದಿರುತ್ತದೆ. ಬರಬೇಡಿ ಅನ್ನುವುದಾದರೆ ವಾಟ್ಸ್ಆ್ಯಪ್‌ನಲ್ಲಾದರೂ ಬರೆದು ಹೇಳಲಿ. ಅದೇ ಮಾಲೀಕರ ಇನ್ನೊಂದು ಯೂನಿಟ್ ಅದೇ ಊರಲ್ಲಿ ಅಥವಾ ಸುಮಾರು 8 ಕಿಲೋಮೀಟರ್ ಒಳಗಿದ್ದು, ಅದೇ ಸಂಬಳಕ್ಕೆ ನಿಮಗೆ ಗೊತ್ತಿರುವ ಕೆಲಸ ಕೊಟ್ಟರೂ ಬೇಡವೆಂದರೆ ಪರಿಹಾರ ಸಿಗದು.

ಮೂರನೆಯದೇ ನಿಜವಾದ ಪೆಟ್ಟು. ಕೆಲಸದಿಂದ ತೆಗೆಯುವುದಕ್ಕೆ ಕಾನೂನಿನಲ್ಲಿ ಹೆಸರಿದೆ, ಬೆಲೆಯಿದೆ. ಅದು ಛಾಂಟಿ, ಕಾರ್ಖಾನೆಯ ಮಾತಿನಲ್ಲಿ ರಿಟ್ರೆಂಚ್‌ಮೆಂಟ್. ಮೊದಲು 100 ಜನರಿದ್ದ ಕಾರ್ಖಾನೆಯೂ ಇದಕ್ಕೆ ಸರ್ಕಾರದ ಅನುಮತಿ ಪಡೆಯಬೇಕಿತ್ತು. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದ ಮೇಲೆ ಆ ಮಿತಿ 300ಕ್ಕೆ ಏರಿದೆ. ಇದು ಕಾರ್ಮಿಕರಿಗೆ ಆದ ದೊಡ್ಡ ನಷ್ಟ ಎಂಬುದರಲ್ಲಿ ಅನುಮಾನ ಬೇಡ. ಆದರೆ ಅನುಮತಿ ಬೇಡವೆಂದ ಮಾತ್ರಕ್ಕೆ ಪರಿಹಾರವೂ ಬೇಡವೆಂದಲ್ಲ, ಈ ಎರಡನ್ನೂ ಬೆರೆಸಿ ಹೇಳುವವರ ಮಾತು ಕೇಳಬೇಡಿ. ಅನುಮತಿ ಕೇಳುವ ತಾಪತ್ರಯವೂ ಬೇಡ, ಪರಿಹಾರವೂ ಬೇಡ ಅನ್ನುವ ಆಡಳಿತಕ್ಕೆ ಇರುವ ಸುಲಭದ ದಾರಿ ಒಂದೇ, ನಿಮ್ಮಿಂದಲೇ ರಾಜೀನಾಮೆ ಬರೆಸಿಕೊಳ್ಳುವುದು.

ಟಾರ್ಗೆಟ್ ಏರಿಸುತ್ತಾರೆ, ವಯಸ್ಸಾದವರನ್ನು ಲೈನ್ ಬದಲಿಸುತ್ತಾರೆ, ದೂರದ ಯೂನಿಟ್‌ಗೆ ಹೋಗಿ ಅನ್ನುತ್ತಾರೆ. ಕೊನೆಗೆ ಎಚ್‌ಆರ್ ರೂಮಿನಲ್ಲಿ ಒಂದು ಹಾಳೆ ಮುಂದಿಡುತ್ತಾರೆ. ಅರ್ಧ ಪುಟ ಇಂಗ್ಲಿಷ್, ಕೆಳಗೆ ಹೆಸರು, ಟೋಕನ್ ನಂಬರ್, ಸಹಿಗೆ ಖಾಲಿ ಗೆರೆ. ‘ಸಹಿ ಮಾಡಿದ್ರೆ ಸೆಟ್ಲ್‌ಮೆಂಟ್ ಬೇಗ ಆಗತ್ತೆ ಕಣಮ್ಮ’ ಎಂಬ ಸಮಾಧಾನ. ಆ ಇಂಗ್ಲಿಷ್‌ನ ಸಾರ ಒಂದೇ ಸಾಲು: ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಕಂಪನಿಯಿಂದ ನನಗೆ ಬೇರೇನೂ ಬಾಕಿ ಇಲ್ಲ.

ಆ ಒಂದು ಸಾಲಿನ ಬೆಲೆ ನೋಡಿ. ನಮ್ಮ ಟೈಲರ್‌ಗೆ ಗ್ರಾಚುಟಿ ಹೇಗೂ ಬರುತ್ತದೆ: 13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷಕ್ಕೆ 52,500. ರಾಜೀನಾಮೆ ಕೊಟ್ಟರೂ ಇದು ಹಕ್ಕು, ಐದು ವರ್ಷ ಆಗಿದ್ದರೆ ಸಾಕು. ಆದರೆ ಛಾಂಟಿ ಎಂದು ದಾಖಲಾದರೆ ಇದರ ಮೇಲೆ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಬರಬೇಕು. ಇಲ್ಲಿ 26ರ ಲೆಕ್ಕ ನಡೆಯದು, ಅರ್ಧ ತಿಂಗಳೆಂದೇ ಹಿಡಿಯುತ್ತಾರೆ. 6,500ರಂತೆ ಏಳು ವರ್ಷಕ್ಕೆ 45,500. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ಒಂದು ತಿಂಗಳ ನೋಟಿಸ್ ಕೊಡದಿದ್ದರೆ ಅದರ ಬದಲು 13,000. ಹೊಸ ಸಂಹಿತೆಯ ಮರು ಕೌಶಲ ನಿಧಿಯಿಂದ 15 ದಿನದ ಸಂಬಳ, ಸುಮಾರು 6,500, ಇದು 45 ದಿನದೊಳಗೆ ಬ್ಯಾಂಕ್ ಖಾತೆಗೇ ಬರಬೇಕು. ಮೂರೂ ಸೇರಿ 65,000. ಸಹಿ ಹಾಕಿದ ಗಳಿಗೆಯಲ್ಲಿ ಹೋಗುವುದು ಇಷ್ಟು ಹಣ.

ಸಹಿ ಹಾಕದೆ ಎದ್ದು ಬರುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದು ತಪ್ಪೂ ಅಲ್ಲ. ಹಾಕಲೇಬೇಕಾಗಿ ಬಂದರೆ ಸಹಿಯ ಮೇಲೆ ಕನ್ನಡದಲ್ಲೇ ‘ಕೆಲಸವಿಲ್ಲವೆಂದು ಕಂಪನಿಯವರು ಹೇಳಿದ್ದರಿಂದ’ ಎಂದು ಬರೆದು, ತಾರೀಖು ಹಾಕಿ, ಹಾಳೆಯ ಫೋಟೊ ತೆಗೆದುಕೊಳ್ಳಿ. ಫೋನ್ ಹೊರಗೇ ಇಡಿಸಿದ್ದರೆ, ಬಲವಂತದಿಂದ ಸಹಿ ಪಡೆದರು ಎಂದು ಆ ದಿನವೇ ಅಥವಾ ಮಾರನೇ ದಿನ ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ ಹೋಗಲಿ. ಅಂಚೆ ರಸೀದಿಯೇ ಮುಂದೆ ನಿಮ್ಮ ಸಾಕ್ಷಿ. ತಿಂಗಳುಗಟ್ಟಲೆ ಬಿಟ್ಟು ‘ಬಲವಂತ ಮಾಡಿದ್ರು ಸಾರ್’ ಎಂದರೆ ಸಾಬೀತು ಮಾಡುವುದು ಬಲು ಕಷ್ಟ. ಹತ್ತಾರು ಜನ ಒಟ್ಟಿಗೆ ಅರ್ಜಿ ಕೊಟ್ಟರೆ ಅದಕ್ಕೆ ಬೇರೆಯೇ ತೂಕ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿದರೆ ನಿಮ್ಮ ವಲಯದ ಅಧಿಕಾರಿ ಯಾರೆಂದು ಹೇಳುತ್ತಾರೆ. ದುಡಿದ ದಿನಗಳ ಸಂಬಳವನ್ನು ಎರಡು ಕೆಲಸದ ದಿನದೊಳಗೆ, ಗ್ರಾಚುಟಿಯನ್ನು 30 ದಿನದೊಳಗೆ ಕೊಡಬೇಕು.

ಇಎಸ್ಐ ವಿಚಾರದಲ್ಲಿ ಬಹಳ ಜನ ಮೋಸ ಹೋಗುವುದು ಗೊತ್ತಿಲ್ಲದೆ. ಕೆಲಸ ಹೋದ ದಿನವೇ ಕಾರ್ಡ್ ಸತ್ತಿತೆಂದು ಮೂಲೆಗಿಟ್ಟು ಖಾಸಗಿ ಆಸ್ಪತ್ರೆಗೆ ಸಾಲ ಮಾಡುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಆಗಸ್ಟ್‌ನಲ್ಲಿ ಕೆಲಸ ಹೋದವರಿಗೂ ಮುಂದಿನ ಜೂನ್ ಕೊನೆಯವರೆಗೆ ಚಿಕಿತ್ಸೆ ಸಿಗುತ್ತದೆ. ಕೆಲಸ ಕಳೆದುಕೊಂಡವರಿಗಾಗಿ ಇಎಸ್ಐ ನಡೆಸುವ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಜೀವನದಲ್ಲಿ ಒಮ್ಮೆ, 90 ದಿನದವರೆಗೆ ದಿನದ ಸರಾಸರಿ ಗಳಿಕೆಯ ಅರ್ಧ ಕೊಡುತ್ತಾರೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಆದ್ದರಿಂದ ಮೊದಲು ಶಾಖಾ ಕಚೇರಿಯಲ್ಲಿ ವಿಚಾರಿಸಿ. ಸ್ವಯಂ ನಿವೃತ್ತಿ ಪಡೆದವರಿಗೆ ಇದಿಲ್ಲ, ಇಲ್ಲೂ ಆ ಹಾಳೆಯ ಮಾತೇ ಅಡ್ಡ ಬರಬಹುದು.

ಪಿಎಫ್ ಈ ಹೆಣ್ಣುಮಕ್ಕಳ ಪಾಲಿಗೆ ಏನೆಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳು ನೋಡಿವೆ. ಹಣ ತೆಗೆಯುವುದಕ್ಕೆ ತಂದ ನಿರ್ಬಂಧವನ್ನು ಅವರ ಹೋರಾಟದ ಮುಂದೆ ಕೇಂದ್ರ ಸರ್ಕಾರ ಹಿಂತೆಗೆದುಕೊಳ್ಳಬೇಕಾಯಿತು. ಕೆಲಸ ಹೋದಾಗ ಶೇ 75ರಷ್ಟು ತೆಗೆಯಲು ಅವಕಾಶವಿದೆ. ಪೆನ್ಷನ್ ಪಾಲನ್ನು ಮಾತ್ರ ಅವಸರದಲ್ಲಿ ತೆಗೆಯಬೇಡಿ. ಸರ್ವಿಸ್ ಹತ್ತು ವರ್ಷ ಆಗಿರದಿದ್ದರೆ ಫಾರಂ 10ಸಿಯಲ್ಲೇ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮುಂದಿನ ಕಾರ್ಖಾನೆಯ ವರ್ಷಗಳು ಇದಕ್ಕೆ ಸೇರಿ ಹತ್ತಾದರೆ ತಿಂಗಳ ಪೆನ್ಷನ್‌ಗೆ ಅರ್ಹತೆ ಬರುತ್ತದೆ.

ಇತ್ತ ಮನೆಯಲ್ಲಿ ಸಂಘದ ಕಂತು ಕಾಯುತ್ತಿರುತ್ತದೆ. ಒಬ್ಬರ ಕಂತು ತಪ್ಪಿದರೆ ಗುಂಪಿನ ಉಳಿದವರು ತುಂಬಬೇಕು, ಅವರೂ ಅದೇ ಗಾರ್ಮೆಂಟ್ಸ್‌ನವರು. ಹೀಗೆ ಒಂದು ಲೈನ್ ನಿಂತರೆ ಇಡೀ ಬೀದಿ ಸಾಲದಲ್ಲಿ ಬೀಳುತ್ತದೆ. ಕಂತು ತಪ್ಪುವ ಮೊದಲೇ ಕಂಪನಿ ಕೊಟ್ಟ ಪತ್ರ ಅಥವಾ ಕಡಿಮೆಯಾದ ಪೇ ಸ್ಲಿಪ್ ತೋರಿಸಿ ಅವಧಿ ಹೆಚ್ಚಿಸಿಕೊಡಿ ಎಂದು ಬರೆದು ಕೇಳಿ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಬಾಗಿಲಿಗೆ ಬಂದು ಪೀಡಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ರೂಮ್ ಖಾಲಿ ಮಾಡಿ ಮದ್ದೂರಿಗೋ ತುಮಕೂರಿಗೋ ಹೊರಡುವ ಮೊದಲು ಒಂದು ಕೆಲಸ ಬಾಕಿ ಇರುತ್ತದೆ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕಿದೆಯೇ, ಹೆಸರು ಮತ್ತು ಹುಟ್ಟಿದ ದಿನ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ನೋಡಿಸಿಕೊಳ್ಳಿ. ದಿನಾಂಕ ಹಾಕಿಲ್ಲದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೀವೇ ಹಾಕಬಹುದು, ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಊರಿಗೆ ಹೋದ ಮೇಲೆ ರೀಚಾರ್ಜ್ ಮಾಡಿಸದೆ ಆ ಸಿಮ್ ಬಂದ್ ಆಗಿ ಪಿಎಫ್ ಸಿಕ್ಕಿಬೀಳುವುದು ಬಹಳ ಸಾಮಾನ್ಯ. ಬೇರೆ ಖರ್ಚು ಹಿಡಿದರೂ ಆ ನಂಬರ್ ಮಾತ್ರ ಉಳಿಸಿಕೊಳ್ಳಿ.