ವೇಗ ಹೆಚ್ಚಿದಾಗ ಕಾರು ನಡುಗುವುದೇಕೆ?

ಗಂಟೆಗೆ 70 ಕಿ.ಮೀ. ವೇಗದವರೆಗೆ ಯಾವ ತಕರಾರೂ ಇಲ್ಲದೆ ಓಡುವ ಕಾರಿನ ಸ್ಟೀರಿಂಗ್, 90 ದಾಟುತ್ತಿದ್ದಂತೆ ನಡುಗತೊಡಗುತ್ತದೆ. ಇನ್ನಷ್ಟು ವೇಗ ಹೆಚ್ಚಿಸಿದರೆ ಎಷ್ಟೋ ಕಾರುಗಳಲ್ಲಿ ಈ ನಡುಕ ತಾನಾಗಿಯೇ ತಗ್ಗುತ್ತದೆ. ದೋಷವಿದ್ದರೆ ಅದು ವೇಗದೊಂದಿಗೆ ಹೆಚ್ಚುತ್ತಲೇ ಹೋಗಬೇಕಲ್ಲವೇ, ನಡುವೆ ಬಂದು ಮರೆಯಾಗುವುದೇಕೆ?

ಚಕ್ರದ ತ್ರಿಜ್ಯ 30 ಸೆಂ.ಮೀ. ಎಂದುಕೊಂಡರೆ, 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನ ಒಂದೆಡೆ ಕೇವಲ 20 ಗ್ರಾಂ ತೂಕ ಹೆಚ್ಚಿದ್ದರೂ ಅದು ಮೂರು ಕಿಲೋ ತೂಕಕ್ಕೆ ಸಮನಾದ ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ, ಆ ಎಳೆತದ ದಿಕ್ಕೂ ಚಕ್ರದೊಂದಿಗೆ ಸುತ್ತುತ್ತಿರುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 50 ಕಿ.ಮೀ. ವೇಗದಲ್ಲಿ ಅದರ ಕಾಲುಭಾಗ ಮಾತ್ರ ಇರುತ್ತದೆ. ಇದರ ಜೊತೆಗೆ, ಟೈರಿನ ಗಾಳಿಗೂ ಸಸ್ಪೆನ್ಷನ್ನಿನ ಸ್ಪ್ರಿಂಗಿಗೂ ನಡುವೆ ಇರುವ ಚಕ್ರ, ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಮತ್ತು ಬ್ರೇಕಿನ ಜೋಡಣೆಗೆ ತನ್ನದೇ ಸಹಜ ಕಂಪನವಿದ್ದು, ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ಬಾರಿಯ ಆಸುಪಾಸಿನಲ್ಲಿರುತ್ತದೆ. ಚಕ್ರದ ಸುತ್ತು ಈ ಲಯಕ್ಕೆ ತಾಳೆಯಾದಾಗ ಅನುರಣನೆ ಉಂಟಾಗಿ ಸಣ್ಣ ಎಳೆತವೂ ದೊಡ್ಡ ನಡುಕವಾಗುತ್ತದೆ. ಆ ವೇಗವನ್ನು ದಾಟಿದರೆ ಎಳೆತದ ಬಲ ಹೆಚ್ಚಿದ್ದರೂ ಲಯ ತಪ್ಪಿರುತ್ತದೆ. ಆದ್ದರಿಂದ ನಡುಕ ತಗ್ಗಿತೆಂದರೆ ದೋಷ ಹೋಯಿತೆಂದಲ್ಲ.

ನಡುಕ ಎಲ್ಲಿ ತಟ್ಟುತ್ತದೆ ಎಂಬುದು ಮೊದಲ ಸುಳಿವು: ಸ್ಟೀರಿಂಗಿನಲ್ಲಾದರೆ ಮುಂದಿನ ಚಕ್ರಗಳನ್ನೂ, ಸೀಟಿನಲ್ಲಾದರೆ ಹಿಂದಿನವನ್ನೂ ಮೊದಲು ಶಂಕಿಸಬೇಕು. ಒಂದೇ ವೇಗದಲ್ಲಿ ಗೇರ್ ಬದಲಿಸಿ ನೋಡಿದಾಗ ನಡುಕ ಬದಲಾಗದಿದ್ದರೆ ಎಂಜಿನ್ ನಿರ್ದೋಷಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕಿನ ದಪ್ಪ ಏರುಪೇರಾಗಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಾರು ಅತ್ತಿತ್ತ ತುಯ್ದರೆ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಒಳತುದಿಯ ಜಾಯಿಂಟ್ ಸವೆದಿರಬಹುದು.

ಹಲವರು ನೇರವಾಗಿ ಅಲೈನ್‌ಮೆಂಟ್ ಮಾಡಿಸಲು ಧಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಪ್ಪು ಬಾಗಿಲು ತಟ್ಟಿದಂತೆ: ಚಕ್ರಗಳ ಕೋನ ಕೆಟ್ಟಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರ್ ಓರೆಯಾಗಿ ಸವೆಯುತ್ತದೆ, ಆದರೆ ಸಾಮಾನ್ಯವಾಗಿ ನಡುಗುವುದಿಲ್ಲ. ಅದಕ್ಕಿಂತ ಮೊದಲು ರಿಮ್ಮಿನ ಒಳಬದಿಯಲ್ಲಿ ಕೆಸರು ಒಣಗಿ ಅಂಟಿದೆಯೇ, ಬ್ಯಾಲೆನ್ಸಿಂಗಿಗೆ, ಅಂದರೆ ಚಕ್ರದ ತೂಕ ಸುತ್ತಲೂ ಸಮನಾಗಲೆಂದು, ಹಾಕಿದ ತೂಕ ಉದುರಿದೆಯೇ ಎಂದು ನೋಡುವುದು ಲೇಸು. ಟೈರಿನಲ್ಲಿ ಉಬ್ಬು ಕಂಡರೆ ಅಥವಾ ಚಕ್ರದ ನಟ್ಟುಗಳು ಸಡಿಲವಾಗಿದ್ದರೆ ಮಾತ್ರ ಮುಂದಿನ ಪರೀಕ್ಷೆಯ ಮಾತೇ ಬೇಡ, ಕಾರನ್ನು ಅಲ್ಲಿಯೇ ನಿಲ್ಲಿಸಬೇಕು.

ಬ್ಯಾಲೆನ್ಸಿಂಗ್ ಯಂತ್ರ ಸೊನ್ನೆ ತೋರಿಸಿದ ಮೇಲೂ ನಡುಕ ಉಳಿಯುವ ಪ್ರಕರಣಗಳೇ ನಿಜವಾದ ತಲೆನೋವು. ಸಾಧಾರಣ ಯಂತ್ರ ಚಕ್ರವನ್ನು ಯಾವ ಭಾರವೂ ಇಲ್ಲದೆ ಗಾಳಿಯಲ್ಲಿ ತಿರುಗಿಸುತ್ತದೆ. ರಸ್ತೆಯ ಮೇಲಾದರೋ ಅದೇ ಟೈರ್ ಕಾರಿನ ಭಾರಕ್ಕೆ ಅದುಮಿಕೊಂಡು ಉರುಳಬೇಕು. ಟೈರಿನ ಒಂದು ಭಾಗ ಉಳಿದುದಕ್ಕಿಂತ ಗಡುಸಾಗಿದ್ದರೆ ಪ್ರತಿ ಸುತ್ತಿಗೊಮ್ಮೆ ಅದು ಆಕ್ಸಲನ್ನು ಮೇಲಕ್ಕೆ ತಳ್ಳುತ್ತದೆ, ತೂಕ ಮಾತ್ರ ಎಲ್ಲೆಡೆ ಸಮನಾಗಿಯೇ ಇರುತ್ತದೆ. ಹಬ್ಬಿನ ಮೇಲಿನ ತುಕ್ಕಿನಿಂದ ರಿಮ್ ಸರಿಯಾಗಿ ಕೂರದಿದ್ದರೂ ಯಂತ್ರಕ್ಕೆ ಅದು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ರಿಮ್ ಕೂರುವುದು ಬೇರೆಯದೇ ಶಾಫ್ಟಿನ ಮೇಲೆ. ಇಂಥ ಕಡೆ ಹಿಂದಿನ ಮತ್ತು ಮುಂದಿನ ಚಕ್ರಗಳನ್ನು ಅದಲುಬದಲು ಮಾಡುವ ಹಳೆಯ ಉಪಾಯವೇ ಹೆಚ್ಚು ಹೇಳುತ್ತದೆ: ನಡುಕವೂ ಸ್ಟೀರಿಂಗಿನಿಂದ ಸೀಟಿಗೆ ಸರಿದರೆ ದೋಷ ಇರುವುದು ಚಕ್ರದಲ್ಲಿ.

ಚಕ್ರವನ್ನು ಸ್ಟೀರಿಂಗಿಗೂ ಸಸ್ಪೆನ್ಷನ್ನಿಗೂ ಜೋಡಿಸುವ ಭಾಗಗಳಾದ ಟೈ ರಾಡ್, ಬಾಲ್ ಜಾಯಿಂಟ್ ಅಥವಾ ಬುಶ್‌ಗಳು ಸವೆದಿದ್ದರೂ ಬಹುಪಾಲು ನಡುಕವನ್ನು ಹುಟ್ಟಿಸುವುದಿಲ್ಲ. ಎಲ್ಲೋ ಹುಟ್ಟಿದ ನಡುಕವನ್ನು ತಡೆಯಲಾರದೆ ಕೈವರೆಗೆ ಬಿಟ್ಟುಕೊಡುತ್ತವೆ. ಅವನ್ನು ಬದಲಿಸಿದಾಗ ಸ್ಟೀರಿಂಗ್ ಶಾಂತವಾಗುವುದು ನಿಜ, ಆದರೆ ಆ 20 ಗ್ರಾಂ ಚಕ್ರದಲ್ಲೇ ಉಳಿದಿದ್ದರೆ ಹೊಸ ಜಾಯಿಂಟನ್ನೂ ಅದು ಸೆಕೆಂಡಿಗೆ 15 ಬಾರಿ ಅಲುಗಿಸುತ್ತಲೇ ಇರುತ್ತದೆ.