ಹಳೆಯ ಹೊಲಿಗೆಯ ಜಾಗದಲ್ಲಿ ಹೊಸ ಗಂಟು

ಮಲ ಹೊರಗಂಟಿಸಿದ ಚೀಲಕ್ಕೆ ಬೀಳುವಂತೆ ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚರ್ಮಕ್ಕೆ ಹೊಲಿಯುವುದೇ ಇಲಿಯಾಸ್ಟಮಿ. ಆ ಹೊಲಿಗೆಯ ಅಂಚಿನಲ್ಲೇ ಕ್ಯಾನ್ಸರ್ ಹುಟ್ಟುವುದು ಬಹಳ ಅಪರೂಪ. ಹುಟ್ಟಿದರೂ ಆಪರೇಷನ್ ಆಗಿ ಇಪ್ಪತ್ತು ಮೂವತ್ತು ವರ್ಷವಾಗಿ, ಎಲ್ಲರೂ ತಪಾಸಣೆಯನ್ನೇ ಮರೆತ ಮೇಲೆ.

ಮೊದಲ ಸುಳಿವು ಸಿಕ್ಕಿದ್ದು ಬೇರೊಂದು ಶಸ್ತ್ರಚಿಕಿತ್ಸೆಯಲ್ಲಿ. ಮೂತ್ರಕೋಶ ಹೊರಗೆ ತೆರೆದುಕೊಂಡೇ ಹುಟ್ಟಿದವರಿಗೆ ಮೂತ್ರನಾಳಗಳನ್ನು ದೊಡ್ಡಕರುಳಿಗೆ ತಿರುಗಿಸುವ ಪ್ರಯತ್ನ ಲಂಡನ್ನಿನಲ್ಲಿ 1850ರ ದಶಕದಲ್ಲೇ ನಡೆದಿತ್ತು. ಅಂಥ ಜೋಡಣೆಯ ಜಾಗದಲ್ಲಿ ಕ್ಯಾನ್ಸರ್ ಕಂಡ ವರದಿ ಬಂದದ್ದು 1929ರಲ್ಲಿ. ಮೂತ್ರದ ನೈಟ್ರೇಟನ್ನು ಮಲದ ಬ್ಯಾಕ್ಟೀರಿಯಾಗಳು ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕವಾಗಿಸುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಮಲ, ಮೂತ್ರ ಎರಡೂ ಹೊಲಿಗೆಯನ್ನು ತೋಯಿಸಿದಾಗ ಗಡ್ಡೆ ಬೆಳೆಯಿತು. ಮಲವನ್ನು ಬೇರೆ ದಾರಿಗೆ ತಿರುಗಿಸಿದಾಗ ಬೆಳೆಯಲಿಲ್ಲ. 1950ರಲ್ಲಿ ಶಸ್ತ್ರಚಿಕಿತ್ಸಕ ಬ್ರಿಕರ್ ವಿವರಿಸಿದ, ಮೂತ್ರವನ್ನು ನೇರ ಹೊರಗೆ ಒಯ್ಯುವ ಸಣ್ಣಕರುಳಿನ ಕೊಳವೆ ಬಂದಮೇಲೆ ಹಳೆಯ ಜೋಡಣೆ ಹಿಂದೆ ಸರಿಯಿತು. ಆದರೆ ಮೂತ್ರವನ್ನು ಬೇರೆಡೆ ತಿರುಗಿಸಿ, ನಾಳದ ಮೋಟನ್ನು ಕರುಳಿನಲ್ಲೇ ಬಿಟ್ಟವರಲ್ಲೂ ಕ್ಯಾನ್ಸರ್ ಕಂಡಿತು. ಮೋಟನ್ನು ಸುತ್ತಲಿನ ಕರುಳಿನ ಸಮೇತ ತೆಗೆಯಬೇಕೆನ್ನುವುದು ಇದೇ ಕಾರಣಕ್ಕೆ. ಜೋಡಣೆ ಉಳಿದಿದ್ದರೆ ಸುಮಾರು ಹತ್ತನೇ ವರ್ಷದಿಂದ ಪ್ರತಿವರ್ಷ ಕೊಲೊನೋಸ್ಕೋಪಿ ಬೇಕು.

ಇಲಿಯಾಸ್ಟಮಿಯಲ್ಲಿ ಮೂತ್ರದ ಪಾತ್ರವಿಲ್ಲ. ಅಲ್ಲಿ ಅನುಮಾನ ವರ್ಷಗಟ್ಟಲೆ ತಿಕ್ಕಾಟ, ಉರಿಯೂತದ ಮೇಲೆ. ಸಣ್ಣಕರುಳಿನ ಒಳಪೊರೆ ಕ್ರಮೇಣ ದೊಡ್ಡಕರುಳಿನದರಂತೆ ಬದಲಾಗುವುದೂ ಉಂಟು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ದೀರ್ಘಕಾಲದ ಉರಿಯೂತ) ಇಲ್ಲವೇ ವಂಶವಾಹಿ ಪಾಲಿಪ್ ಕಾಯಿಲೆಗೆ ದೊಡ್ಡಕರುಳು ತೆಗೆಸಿಕೊಂಡವರಲ್ಲೇ ಈ ಕ್ಯಾನ್ಸರ್ ಹೆಚ್ಚಾಗಿ ಕಂಡಿದೆ.

ಎಡವಟ್ಟಾಗುವುದು ಗುರುತಿಸುವಲ್ಲಿ. ಸ್ಟೋಮಾದ, ಅಂದರೆ ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿಯ ಅಂಚಿನಲ್ಲಿ ಕೆಂಪಗೆ, ಮೆತ್ತಗೆ, ಮುಟ್ಟಿದರೆ ರಕ್ತ ಒಸರುವ ಗ್ರಾನುಲೋಮಾ ಎಂಬ, ಕ್ಯಾನ್ಸರ್ ಅಲ್ಲದ ಗಂಟು ಸಾಮಾನ್ಯ. ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿದರೆ ಸಾಮಾನ್ಯವಾಗಿ ಒಣಗುತ್ತದೆ. ಹಾಗೆ ಒಣಗದೆ, ಗಟ್ಟಿಯಾಗಿ, ಹುಣ್ಣಾಗಿ, ಒಂದೇ ಕಡೆ ಬೆಳೆಯುತ್ತಿದ್ದರೆ ಮತ್ತೆ ಮತ್ತೆ ಸುಡುತ್ತ ಕೂರಬಾರದು, ಬಯಾಪ್ಸಿ ಮಾಡಿಸಬೇಕು. ವರ್ಷಗಳಿಂದ ಸರಿಯಾಗಿ ಕೂರುತ್ತಿದ್ದ ಚೀಲ ಇದ್ದಕ್ಕಿದ್ದಂತೆ ಒಂದೇ ಮೂಲೆಯಿಂದ ಸೋರತೊಡಗಿದರೂ ಆ ಮೂಲೆಯ ಚರ್ಮವನ್ನು ಬೆರಳಿಂದ ಒತ್ತಿ ನೋಡುವುದು ಒಳ್ಳೆಯದು. ಕ್ಯಾನ್ಸರ್ ಎಂದಾದರೆ ಗಂಟನ್ನಷ್ಟೇ ಕೆತ್ತಿದರೆ ಸಾಲದು: ಸುತ್ತಲಿನ ಚರ್ಮ, ಹೊಟ್ಟೆಗೋಡೆಯ ಭಾಗ, ಆ ತುಂಡು ಕರುಳು, ಅದರ ದುಗ್ಧಗ್ರಂಥಿಗಳು ಒಟ್ಟಿಗೇ ಹೊರಬರಬೇಕು, ಹೊಸ ಸ್ಟೋಮಾ ಸಾಮಾನ್ಯವಾಗಿ ಬೇರೆ ಜಾಗದಲ್ಲಿ.

1978ರಲ್ಲಿ ಶಸ್ತ್ರಚಿಕಿತ್ಸಕರಾದ ಪಾರ್ಕ್ಸ್ ಮತ್ತು ನಿಕೋಲ್ಸ್ ವಿವರಿಸಿದ, ಸಣ್ಣಕರುಳಿನಿಂದಲೇ ಮಾಡಿ ಗುದದ್ವಾರಕ್ಕೆ ಜೋಡಿಸುವ ಒಳಚೀಲ, ಅಂದರೆ ಪೌಚ್, ಬಂದಮೇಲೆ ಹಲವರಿಗೆ ಹೊರಗಿನ ಚೀಲ ತಪ್ಪಿತು. ಅಪಾಯ ಪೂರ್ತಿ ತಪ್ಪಲಿಲ್ಲ. ಸ್ಟೇಪ್ಲರ್‌ನಿಂದ ಜೋಡಿಸುವಾಗ ಗುದದ್ವಾರದ ಮೇಲೆ ಒಂದೆರಡು ಸೆಂಟಿಮೀಟರ್ ಗುದನಾಳದ ಪಟ್ಟಿ ಉಳಿಯುತ್ತದೆ. ಕೈಯಿಂದ ಕೆರೆದು ತೆಗೆದರೂ ಒಳಪೊರೆಯ ಚೂರುಗಳು ಉಳಿಯಬಹುದು. ತೆಗೆದ ದೊಡ್ಡಕರುಳಿನಲ್ಲಿ ಆಗಲೇ ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆ ಇದ್ದವರಿಗೆ ಅಪಾಯ ಹೆಚ್ಚು. ಅವರ ತಪಾಸಣೆಯಲ್ಲಿ ಪೌಚಿನ ಜೊತೆಗೆ ಅದರ ಕೆಳಗಿನ ಆ ಪಟ್ಟಿಯಿಂದಲೂ ಬಯಾಪ್ಸಿ ತೆಗೆಯಬೇಕು.